ಕೇಳಬಲ್ಲವನಾಗಿದ್ದ ಕಿನ್ಸಿ

ಆಲ್ಫ್ರೆಡ್ ಕಿನ್ಸಿಯ ಹೆಸರೆತ್ತಿದರೆ ಮುಸಿಮುಸಿ ನಗುವವರುಂಟು. ನನಗೆ ಆದರವಿರುವುದು ಆತನು ಪ್ರಶ್ನೆ ಕೇಳುತ್ತಿದ್ದ ರೀತಿಯಲ್ಲಿ.

1894ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈತನು ಇಂಡಿಯಾನಾ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಅಧ್ಯಾಪಕ. ಲಕ್ಷಗಟ್ಟಲೆ ಕಣಜಗಳನ್ನು ಕೂಡಿಹಾಕಿದವನು. 1938ರಲ್ಲಿ ವಿವಾಹವನ್ನು ಕುರಿತು ಪಾಠ ಹೇಳತೊಡಗಿದಾಗ, ವಿದ್ಯಾರ್ಥಿಗಳ ಸಂದೇಹಗಳಿಗೆ ಗ್ರಂಥಗಳಲ್ಲಿ ತಕ್ಕ ಉತ್ತರ ಸಿಕ್ಕಲಿಲ್ಲ. ಜನರನ್ನೇ ಕೇಳಹೊರಟನು.

ಇಂಥದನ್ನು ಮಾಡಿದ್ದುಂಟೇ ಎಂದಲ್ಲ, ಮೊದಲು ಮಾಡಿದ್ದು ಯಾವ ವಯಸ್ಸಿನಲ್ಲಿ ಎಂದು ಆತನ ಪ್ರಶ್ನೆ. ಗಂಡಸಿಗೆ ಹೆಂಗಸೇ ಸಂಗಾತಿಯೆಂದು ಊಹಿಸುತ್ತಿರಲಿಲ್ಲ, ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಉತ್ತರಗಳನ್ನು ಸಂಕೇತಗಳಲ್ಲಿ ಬರೆದುಕೊಳ್ಳುತ್ತಿದ್ದನು. ಹೀಗೆ ಆತನೂ ಸಂಗಡಿಗರೂ ಕೂಡಿಸಿದ್ದು ಸುಮಾರು 18,000 ಮಂದಿಯ ವೃತ್ತಾಂತ. ಮದುವೆಯಾಗಿದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರಿಸಿ, ಕಾಯಿಲೆಯ ಮೂಲವನ್ನು ಹೇಳಲಾರದೆ ವೈದ್ಯರ ಮುಂದಿನಿಂದ ಎದ್ದುಹೋಗುವ ರೋಗಿಯನ್ನು ನೆನೆದರೆ, ಈ ಕ್ರಮದ ಬೆಲೆ ತಿಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಸೆರೆಮನೆಯವರ ವೃತ್ತಾಂತಗಳು ಮಿತಿಮೀರಿ ಸೇರಿದ್ದವೆಂಬ ಆಕ್ಷೇಪ ನ್ಯಾಯವಾದದ್ದೇ. ಮಕ್ಕಳನ್ನು ಪೀಡಿಸಿದವನೊಬ್ಬನ ಟಿಪ್ಪಣಿಗಳನ್ನು ಬಳಸಿಕೊಂಡದ್ದನ್ನಂತೂ ನಾನು ಒಪ್ಪಲಾರೆ.

ಪುರುಷರನ್ನು ಕುರಿತ ಗ್ರಂಥ 1948ರಲ್ಲಿ ಹೊರಬಂದಿತು. 1953ರಲ್ಲಿ ಸ್ತ್ರೀಯರದು ಬಂದಾಗ ಕೋಲಾಹಲವೆದ್ದಿತು. ಮರುವರ್ಷ ರಾಕ್‌ಫೆಲರ್ ಪ್ರತಿಷ್ಠಾನದ ಹಣ ನಿಂತಿತು. ಹಣಕ್ಕಾಗಿ ಅಲೆಯುತ್ತಲೇ, ಹೃದಯರೋಗದಿಂದ ಬಳಲಿ, 1956ರ ಆಗಸ್ಟಿನಲ್ಲಿ ಆತನು ತೀರಿಕೊಂಡನು.