ರೇಮಂಡ್ ಸಾಹೇಬರೆಂಬ ಕಳ್ಳ

ಷರ್ಲಾಕ್ ಹೋಮ್ಸನ ಕಥೆಗಳಲ್ಲಿ ಬರುವ ಮೊರಿಯಾರ್ಟಿಗೆ ಮಾದರಿಯೆಂದು ಹಲವರು ಹೇಳುವ ಆಡಂ ವರ್ತ್ 1844ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ತಂದೆ ದರ್ಜಿ. ಅಂತರ್ಯುದ್ಧದಲ್ಲಿ ಗಾಯಗೊಂಡ ಈತನನ್ನು ಸೈನ್ಯದವರು ತಪ್ಪಾಗಿ ಸತ್ತವರ ಪಟ್ಟಿಗೆ ಸೇರಿಸಿದರು. ಸತ್ತವನನ್ನು ಹುಡುಕುವವರು ಯಾರು?

1869ರಲ್ಲಿ ಬಾಸ್ಟನ್ನಿನ ಒಂದು ಬ್ಯಾಂಕಿಗೆ ಪಕ್ಕದ ಮಳಿಗೆಯಿಂದ ಕನ್ನ ಕೊರೆದು ಯೂರೋಪಿಗೆ ಹಾರಿದ. ಲಂಡನ್ನಿನಲ್ಲಿ ಹೆನ್ರಿ ರೇಮಂಡ್ ಎಂಬ ಹೆಸರಿನ ದೊಡ್ಡ ಮನುಷ್ಯನಾದ. ಓಟದ ಕುದುರೆ, ವಿಹಾರನೌಕೆ ಎಲ್ಲ ಬಂದವು. ಬಡವರ ಮನೆಯ ಹುಡುಗನೊಬ್ಬ ಶ್ರೀಮಂತರ ಪಂಕ್ತಿಯಲ್ಲಿ ಕುಳಿತನೆಂದು ಓದುವಾಗ ನನ್ನಂಥವನಿಗೆ ಒಳಗೊಳಗೇ ಹಿಗ್ಗಾಗುವುದುಂಟು. ಆದರೆ ಆ ಊಟದ ಖರ್ಚು ಬಿದ್ದದ್ದು ಬೇರೆಯವರ ತಲೆಯ ಮೇಲೆ.

ದಕ್ಷಿಣ ಆಫ್ರಿಕದಲ್ಲಿ ಆತ ಹೂಡಿದ ಉಪಾಯವನ್ನು ಹೀಗೆ ಹೇಳುತ್ತಾರೆ: ವಜ್ರ ತರುವ ಗಾಡಿಯನ್ನು ಹೊಳೆ ದಾಟಿಸುವ ದೋಣಿಯ ಹಗ್ಗವನ್ನು ಕತ್ತರಿಸಿದ. ಗಾಡಿ ತಡವಾಯಿತು, ಹಡಗು ಹೊರಟುಹೋಯಿತು, ವಜ್ರಗಳು ಅಂಚೆಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಉಳಿದವು. ಅದರ ನಕಲು ಬೀಗದಕೈ ಮೊದಲೇ ಇವನ ಜೇಬಿನಲ್ಲಿತ್ತು!

1876ರಲ್ಲಿ, ಗೇನ್ಸ್‌ಬರೊ ಬರೆದ ಡೆವನ್‌ಷೈರಿನ ಡಚೆಸ್ ಚಿತ್ರವನ್ನು ಲಂಡನ್ನಿನ ಆಗ್ನ್ಯೂ ಮಳಿಗೆಯಲ್ಲಿ ಚೌಕಟ್ಟಿನಿಂದ ಕತ್ತರಿಸಿ ಒಯ್ದ. ಸೆರೆಯಲ್ಲಿದ್ದ ತಮ್ಮನನ್ನು ಬಿಡಿಸಲು ಅದನ್ನು ಒತ್ತೆಯಾಗಿ ಬಳಸುವುದು ಅವನ ಲೆಕ್ಕ. ತಮ್ಮ ಬೇರೆ ದಾರಿಯಿಂದ ಬಿಡುಗಡೆಯಾದ. ಆಮೇಲೂ ಚಿತ್ರವನ್ನು ಮಾರಲಿಲ್ಲ, ಹಿಂದಿರುಗಿಸಲಿಲ್ಲ. 25 ವರ್ಷ ಬಚ್ಚಿಟ್ಟ. ಸ್ಕಾಟ್ಲೆಂಡ್ ಯಾರ್ಡಿಗೆ ಗುಮಾನಿಯಿತ್ತು, ಪುರಾವೆ ಸಿಕ್ಕಲಿಲ್ಲ.

1892ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿಕ್ಕಿಬಿದ್ದ. ಸೆರೆಯಿಂದ ಬಂದಮೇಲೆ, 1901ರಲ್ಲಿ, ಪತ್ತೇದಾರ ವಿಲಿಯಂ ಪಿಂಕರ್ಟನ್ನನ ಮಧ್ಯಸ್ಥಿಕೆಯಿಂದ ಚಿತ್ರವನ್ನು ಒಪ್ಪಿಸಿದ. ಮರುವರ್ಷ ತೀರಿಕೊಂಡ, ಹೈಗೇಟ್ ಸ್ಮಶಾನದಲ್ಲಿ ಹೂಳಿದ್ದೂ ಹೆನ್ರಿ ರೇಮಂಡನೆಂಬ ಹೆಸರಿನಲ್ಲೇ.