ಹಾಡಿನೊಡನೆ ಕುಣಿತ: ಪಂಜೆಯವರ ನೆನಪು

ಗಡಿನಾಡಿನ ಕನ್ನಡಿಗರಾದ ನಾವು ಮರೆಯಬಾರದ ಹಿರಿಯರಲ್ಲಿ ಪಂಜೆ ಮಂಗೇಶರಾಯರು ಒಬ್ಬರು. 1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದ ಅವರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು. ಬಾಳನ್ನು ಮುಡಿಪಿಟ್ಟದ್ದು ಕನ್ನಡಕ್ಕೆ. ಅಂದು ನಮ್ಮ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು.

ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ರಾಯರು ಮುಂದೆ ಶಾಲಾ ಇನ್ಸ್‌ಪೆಕ್ಟರರಾದರು. ಬಳಿಕ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಕೋಲಾಟವಿಲ್ಲದೆ ನಡೆಯದ ಕೊಡಗಿನ ಸುಗ್ಗಿಹಬ್ಬವನ್ನು ‘ಹುತ್ತರಿ ಹಾಡು’ ಕವನದಲ್ಲಿ ಚಿರಸ್ಥಾಯಿಯಾಗಿಸಿದರು.

ಪುಟ್ಟ ಮಕ್ಕಳಿಗೆ ಪಾಠವೆಂದರೆ ಕೈಕಟ್ಟಿ ಕುಳಿತು ಬಾಯಿಪಾಠ ಮಾಡುವುದು ಎಂದಿದ್ದ ಕಾಲ ಅದು. ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ರಾಯರು ಬರೆದ ಹಾಡುಗಳು ಕುಳಿತು ಒಪ್ಪಿಸುವಂಥವಲ್ಲ. ನಾಗರಹಾವಿನ ಪದ್ಯವನ್ನೇ ನೋಡಿ: ಮಗು ಕೈಮುಗಿಯಬೇಕು, ಹಾಲು ನೀಡಬೇಕು, ಹಾವನ್ನು ಕರೆಯಬೇಕು, ಕೊನೆಗೆ ಹೊರಗಟ್ಟಬೇಕು. ‘ತೆಂಕಣ ಗಾಳಿಯಾಟ’ದ ಲಯಕ್ಕಂತೂ ಮೈ ತಾನಾಗಿ ತೂಗುತ್ತದೆ. ಭುಜ, ಸೊಂಟ, ತೊಡೆಗಳ ದೊಡ್ಡ ಸ್ನಾಯುಗಳು ಹೀಗೆ ಹದಗೊಂಡ ಮಗುವಿಗೆ ನೆಟ್ಟಗೆ ಕುಳಿತು ಅಕ್ಷರ ತಿದ್ದುವುದೂ ಸುಲಭವಾಗುತ್ತದೆ.

ಮಕ್ಕಳಿಗೆ ಒಳ್ಳೆಯ ಪುಸ್ತಕಗಳು ಬೇಕೆಂದು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಪಂಜೆಯವರ ಹಾಡುಗಳಿಗೆ ಗಡಿಯಿಲ್ಲ. ಇಂದು ನಮ್ಮ ಎಷ್ಟೋ ಮಕ್ಕಳು ಅಂಗನವಾಡಿಯಲ್ಲಿ ಮಲಯಾಳದ ಹಾಡಿಗೆ ಕುಣಿಯುತ್ತಾರೆ. ಅದು ತಪ್ಪಲ್ಲ; ನೆಲದ ಭಾಷೆ ಬರಲೇಬೇಕು. ಮನೆಯಲ್ಲಿ ಕನ್ನಡದ ಹಾಡಿಗೆ ಕುಣಿಯದಿದ್ದರೆ ಮಾತ್ರ ನಷ್ಟ ನಮ್ಮದೇ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷ ಚುರುಕಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮೊಬೈಲು ಹಿಡಿದು ಕುಳಿತ ಮಗುವಿಗೆ ಇದು ಹೇಗೆ ಸಾಧ್ಯ?

ಅಂಗಳದಲ್ಲಿ ಹತ್ತು ನಿಮಿಷ ಅಜ್ಜಿ ಹಾಡಲಿ, ಮಗು ಜಿಗಿಯಲಿ. ಖರ್ಚೇನೂ ಇಲ್ಲ. ಮಂಜೇಶ್ವರದಲ್ಲಾಗಲಿ, ಆಂಧ್ರದ ಗಡಿಯ ಕೊಡಿಕೊಂಡದಲ್ಲಾಗಲಿ, ಕನ್ನಡದ ಮನೆಗಳು ಪಂಜೆಯವರಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆ ಇಲ್ಲವೆಂದು ನಾವು ಭಾವಿಸುತ್ತೇವೆ.