ಹಾಡುವ ರೇಖೆಯ ಚಿತ್ರಕಾರ ಕೆ. ಕೆ. ಹೆಬ್ಬಾರರು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ಅಳುಕು ತಪ್ಪಿದ್ದಲ್ಲ. ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ತವರುನಾಡಿನದು ಏನು ಉಳಿದೀತು? ಈ ರಾಜ್ಯೋತ್ಸವದಂದು ಚಿತ್ರಕಾರ ಕೃಷ್ಣ ಹೆಬ್ಬಾರರನ್ನು ನೆನೆಯಲು ಈ ಅಳುಕೇ ಕಾರಣ.

ಹೆಬ್ಬಾರರು ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರ ಕಣ್ಣು ತುಂಬಿದ್ದು ಯಕ್ಷಗಾನದ ಬಣ್ಣಗಳು, ದೇವಸ್ಥಾನದ ಉತ್ಸವಗಳು. ಚಿತ್ರಕಲೆಯ ಹಂಬಲದಿಂದ ಮುಂಬಯಿ ಸೇರಿದ ಅವರು ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದರು; ಮುಂದೆ 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ನಮ್ಮ ಪುಣೆಗೆ ಸಮೀಪದ ಕಾರ್ಲಾ ಗವಿಗಳೂ ಅವರ ಕುಂಚಕ್ಕೆ ವಸ್ತುವಾದವು.

ಕಂಡುದನ್ನು ಕಂಡಂತೆಯೇ ಬರೆಯುವ ಪಾಶ್ಚಾತ್ಯ ಕ್ರಮವನ್ನು ಅವರು ಚೆನ್ನಾಗಿ ಕಲಿತರು. ಆದರೆ ಅದರಲ್ಲಿ ತಮ್ಮತನ ಕಾಣದೆ ಅತೃಪ್ತರಾದರು. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಅವರಿಗೆ ಹೊಸ ದಾರಿಯನ್ನು ತೋರಿದವು. ಕೇರಳದಲ್ಲಿ ಸಂಚರಿಸಿ ಅಲ್ಲಿನ ಜನಜೀವನವನ್ನು ಚಿತ್ರಿಸಿದರು. 1949–50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿಯ ನವ್ಯಕಲೆಯನ್ನು ಅಭ್ಯಸಿಸಿದರು. ಇದಲ್ಲದೆ ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನೂ ಕಲಿತರು. ರಂಗದ ಮೇಲೆ ಕುಣಿಯುವ ಆಸೆಯಿಂದಲ್ಲ, ಕುಣಿತದ ಲಯವು ತಮ್ಮ ಗೆರೆಗೆ ಇಳಿಯಲೆಂದು!

ಹೀಗೆ ದುಡಿದ ಕೈಯಿಂದ ಮೂಡಿದವು, 'ಹಾಡುವ ರೇಖೆ' ಎಂದು ಹೆಸರಾದ ಅವರ ರೇಖಾಚಿತ್ರಗಳು. ನಾಲ್ಕಾರು ಗೆರೆಗಳಲ್ಲಿಯೇ ವಾದ್ಯಗಾರನ ಕೈಚಳಕ, ನರ್ತಕಿಯ ಬಾಗು ಬಳುಕು ಕಣ್ಣಿಗೆ ಕಟ್ಟುತ್ತವೆ. ವರ್ಣಚಿತ್ರಗಳಲ್ಲಿಯೂ ಜಾನಪದ ಕುಣಿತ, ದುಡಿಯುವವರ ಬದುಕು, ಬಡವರ ಹಸಿವು, ಕರಾವಳಿಯವರು ಬಲ್ಲ ಕೋಳಿ ಅಂಕ ಇವೆಲ್ಲ ಬಂದಿವೆ. ಬಣ್ಣ ಹಚ್ಚುವ ರೀತಿ ಹೊಸದು. ಒಳಗಿನ ಜೀವ ಮಾತ್ರ ನಮ್ಮದು.

ಭಾರತ ಸರಕಾರವು 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಅವರನ್ನು ಗೌರವಿಸಿತು. 1996ರಲ್ಲಿ ಮುಂಬಯಿಯಲ್ಲಿಯೇ ಅವರು ಕಾಲವಶರಾದರು.

ಊರು ಅವರಲ್ಲಿ ತಾನಾಗಿ ಉಳಿಯಲಿಲ್ಲ. ಹೊರಗಿನದನ್ನೆಲ್ಲ ಕಲಿಯುತ್ತಲೇ ಅವರು ಅದನ್ನು ಉಳಿಸಿಕೊಂಡರು. ಆದರೆ ಅವರು ಬಾಲ್ಯದಲ್ಲಿ ಕಂಡದ್ದನ್ನು ನಮ್ಮ ಮಕ್ಕಳು ಕಂಡಿಲ್ಲ. ಕಾಣದುದನ್ನು ಅವರು ಉಳಿಸಿಕೊಳ್ಳುವುದೆಂತು? ತೋರಿಸುವ ಹೊಣೆ ನಮ್ಮದು. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಒಂದು ರಾತ್ರಿ ಬಯಲಾಟಕ್ಕೆ ಕರೆದೊಯ್ಯೋಣ. ಬೆಂಗಳೂರಿಗೆ ಹೋದರೆ ಚಿತ್ರಕಲಾ ಪರಿಷತ್ತಿನಲ್ಲಿರುವ ಹೆಬ್ಬಾರರ ಚಿತ್ರಗಳ ಮುಂದೆ ಅವರನ್ನು ನಿಲ್ಲಿಸೋಣ. ಮನೆಗೆ ಬಂದ ಮೇಲೆ ಮಗು ಗೋಡೆಯ ಮೇಲೆ ನಾಲ್ಕು ಗೆರೆ ಎಳೆದರೆ, ದಯವಿಟ್ಟು, ಗದರಿಸದಿರೋಣ.